ಯುದ್ಧದಾಟದ ಓಲೆಗಳು

ಆಟಗಳನ್ನು ಕುರಿತ ಜಾನಪದ ಅಧ್ಯಯನಗಳು ಸಾಮಾನ್ಯವಾಗಿ ಆಟದ ಸಾಮಗ್ರಿ, ಆಡುವ ಕ್ರಮ, ಸೋಲುಗೆಲುವಿನ ನಿಯಮ ಹಾಗೂ ಆಟದೊಡನೆ ಬೆಸೆದುಕೊಂಡ ಹಾಡು, ಎಣಿಕೆಯ ಪದಗಳ ಸಂಗ್ರಹದಲ್ಲಿ ತೊಡಗಿಕೊಂಡಿವೆ. ಆಟ ನಡೆಯುತ್ತಿರುವ ಹೊತ್ತಿನಲ್ಲಿ ಒಂದೇ ಪಕ್ಷದ ಇಬ್ಬರು ಆಟಗಾರರು ಪರಸ್ಪರ ಮುಟ್ಟಿಸಿಕೊಳ್ಳುವ ಸುದ್ದಿಗೆ ಅಷ್ಟಾಗಿ ಗಮನ ಸಂದಿಲ್ಲ. ಇದಕ್ಕೆ ಕಾರಣವೂ ಇಲ್ಲದಿಲ್ಲ. ಅಳಗುಳಿಮಣೆಯಲ್ಲಾಗಲಿ, ಪಗಡೆಯಲ್ಲಾಗಲಿ, ಹುಲಿಕಟ್ಟಿನಲ್ಲಾಗಲಿ ಆಟದ ಸಮಸ್ತವೂ ಆಡುವವರ ಕಣ್ಣೆದುರಿಗೇ ಇರುತ್ತದೆ. ಹುಲಿ ಎಲ್ಲಿದೆ ಎಂಬುದನ್ನು ಕುರಿಗೆ ಯಾರೂ ಬಂದು ಹೇಳಬೇಕಾಗಿಲ್ಲ. ಕಂಡದ್ದನ್ನು ಹೇಳಿ ಕಳುಹಿಸುವ ಅಗತ್ಯವೇ ಇಲ್ಲದ ಕಡೆ ದೂತನಿಗೆ ಕೆಲಸವಿಲ್ಲ.

ಯುದ್ಧದ ಅನುಕರಣೆಯೆಂದೇ ಹೆಸರಾದ ಚದುರಂಗದಲ್ಲಿಯೂ ಇದೇ ಸ್ಥಿತಿ. ಆನೆ, ಕುದುರೆ, ರಥ, ಕಾಲಾಳುಗಳ ಚತುರಂಗ ಬಲ ಅಲ್ಲಿದೆ, ರಾಜನಿದ್ದಾನೆ, ಮಂತ್ರಿಯಿದ್ದಾನೆ, ಓಲೆಕಾರನಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅರಸರ ವಿನೋದಗಳಲ್ಲೊಂದಾಗಿ ಚದುರಂಗವನ್ನು ವರ್ಣಿಸುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಆಟದಲ್ಲಿ ಅಪಾರ ಆಸಕ್ತಿ ಹೊಂದಿದ್ದು, ಒಂದೇ ಕುದುರೆಯನ್ನು ಹಲಗೆಯ ಅರವತ್ತನಾಲ್ಕು ಮನೆಗಳಲ್ಲಿಯೂ ಒಂದೊಂದು ಬಾರಿ ಮಾತ್ರ ಇಳಿಸುವ ತುರಗಬಂಧಗಳನ್ನು ರಚಿಸಿದ್ದು ಪ್ರಸಿದ್ಧವಾಗಿದೆ. ಆ ಕುದುರೆ ಯಾರ ಸುದ್ದಿಯನ್ನೂ ಹೊತ್ತು ಓಡುವುದಿಲ್ಲ. ಚದುರಂಗದ ಸೇನಾಪತಿಗೆ ಇಡೀ ರಣರಂಗ ಕಾಣುತ್ತದೆ, ಅವನ ಇಚ್ಛೆಯೂ ಕೈಯೂ ಒಂದೇ ಆಗಿರುತ್ತವೆ. ಅವನ ಆಜ್ಞೆ ತಡವಾಗುವುದಿಲ್ಲ, ತಪ್ಪಾಗಿ ಅರ್ಥವಾಗುವುದಿಲ್ಲ, ದಾರಿಯಲ್ಲಿ ಕಳೆದುಹೋಗುವುದಿಲ್ಲ. ನಿಜವಾದ ಯುದ್ಧದಲ್ಲಿ ಈ ಮೂರೂ ನಡೆಯುತ್ತವೆ.

ಭಾರತದಿಂದ ಪರ್ಷಿಯಾ, ಅರಬ್ ನಾಡುಗಳ ಮೂಲಕ ಯುರೋಪನ್ನು ತಲುಪಿದ ಈ ಆಟದ ಕೊರತೆಯನ್ನು ಮೊದಲಿಗೆ ಗಂಭೀರವಾಗಿ ಪರಿಗಣಿಸಿದವರು ಜರ್ಮನ್ ನಾಡುಗಳವರು. ಬ್ರನ್ಸ್‌ವಿಕ್ ಸಂಸ್ಥಾನದ ಗಣಿತದ ಉಪಾಧ್ಯಾಯ ಹೆಲ್ವಿಗ್ ೧೭೮೦ರಲ್ಲಿ ಚದುರಂಗದ ಹಲಗೆಯನ್ನು ಹಿಗ್ಗಿಸಿ, ಸಾವಿರದ ಆರುನೂರಕ್ಕೂ ಮಿಕ್ಕಿದ ಮನೆಗಳನ್ನು ಮಾಡಿ, ಅವುಗಳಿಗೆ ಬೆಟ್ಟ, ಜೌಗು, ನೀರು ಎಂದು ಬೇರೆಬೇರೆ ಬಣ್ಣ ಕೊಟ್ಟು ಹೊಸ ಯುದ್ಧದಾಟವೊಂದನ್ನು ಪ್ರಕಟಿಸಿದನು. ಅವನ ಅನಂತರದವರು ಮನೆಗಳ ಸಂಖ್ಯೆಯನ್ನು ಇನ್ನಷ್ಟು ಹೆಚ್ಚಿಸಿದರು, ನಿಯಮಗಳನ್ನು ಬೆಳೆಸಿದರು. ಆದರೆ ಮನೆ ಎಷ್ಟು ಹೆಚ್ಚಿದರೂ ಆಡುವವನು ಮೇಲಿನಿಂದ ಎಲ್ಲವನ್ನೂ ನೋಡುತ್ತಿದ್ದನು. ಮೂಲದ ಕೊರತೆ ಹಾಗೆಯೇ ಉಳಿಯಿತು.

ಅದನ್ನು ನೀಗಿದವರು ಪ್ರಷ್ಯಾ ದೇಶದ ತಂದೆ ಮಗ ಇಬ್ಬರು. ತಂದೆ ಗೆಯೋರ್ಗ್ ಲಿಯೋಪೋಲ್ಡ್ ಫಾನ್ ರೈಸ್‌ವಿಟ್ಸ್ ಸರ್ಕಾರದ ಅಧಿಕಾರಿ. ಚೌಕದ ಮನೆಗಳನ್ನು ಪೂರ್ತಿಯಾಗಿ ಕೈಬಿಟ್ಟು, ಬೆಟ್ಟ, ಹೊಳೆ, ಹಳ್ಳಿಗಳ ಉಬ್ಬುತಗ್ಗುಗಳನ್ನು ತೋರಿಸುವ ತುಂಡುಗಳನ್ನು ಜೋಡಿಸಿಕೊಳ್ಳುವ ದೊಡ್ಡ ಮೇಜೊಂದನ್ನು ಅವನು ಸಿದ್ಧಪಡಿಸಿ ೧೮೧೨ರಲ್ಲಿ ದೊರೆ ಮೂರನೆಯ ಫ್ರೀಡ್ರಿಕ್ ವಿಲ್‌ಹೆಲ್ಮನಿಗೆ ಒಪ್ಪಿಸಿದನು. ಅರಮನೆಯ ಪೀಠೋಪಕರಣದಂತಿದ್ದ ಆ ಮೇಜು ರಾಜಕುಮಾರರ ವಿನೋದಕ್ಕೆ ಸೀಮಿತವಾಗಿತ್ತು. ಮಗ ಗೆಯೋರ್ಗ್ ಹೈನ್ರಿಕ್ ರುಡಾಲ್ಫ್ ಫಿರಂಗಿ ಪಡೆಯ ಲೆಫ್ಟಿನೆಂಟ್. ಅವನು ಮೇಜನ್ನು ಬಿಟ್ಟು ೧:೮೦೦೦ ಪ್ರಮಾಣದ ನಕ್ಷೆಯನ್ನು ಹಿಡಿದನು. ಕೆಂಪು ಮತ್ತು ನೀಲಿ ಬಣ್ಣ ಬಳಿದ ಸೀಸದ ಪುಟ್ಟ ತುಂಡುಗಳನ್ನು ದಳಗಳೆಂದು ಗೊತ್ತುಮಾಡಿದನು. ಒಂದು ಸರದಿಗೆ ಎರಡು ನಿಮಿಷವೆಂದು ಕಾಲವನ್ನು ಅಳೆದನು. ಗುಂಡಿನ ಪರಿಣಾಮಕ್ಕೆ ದಾಳವನ್ನೂ ಕೋಷ್ಟಕವನ್ನೂ ಇಟ್ಟನು. ೧೮೨೪ರಲ್ಲಿ ಅವನ ನಿಯಮ ಪುಸ್ತಕ ಅಚ್ಚಾಯಿತು. ಜರ್ಮನ್ ಭಾಷೆಯಲ್ಲಿ ಈ ಆಟಕ್ಕೆ ಕ್ರೀಗ್‌ಸ್ಪೀಲ್ ಎಂದು ಹೆಸರು. ಕ್ರೀಗ್ ಎಂದರೆ ಯುದ್ಧ, ಸ್ಪೀಲ್ ಎಂದರೆ ಆಟ. ಕನ್ನಡದ ‘ಆಟ’ ಎಂಬ ಮಾತು ಮಕ್ಕಳ ಆಟಕ್ಕೂ ಬಯಲಾಟಕ್ಕೂ ಸಲ್ಲುವಂತೆ ಸ್ಪೀಲ್ ಎಂಬ ಮಾತೂ ಕ್ರೀಡೆಗೂ ನಾಟಕಕ್ಕೂ ಸಲ್ಲುತ್ತದೆ ಎಂಬುದು ಮುಂದಿನ ಚರ್ಚೆಗೆ ಉಪಯುಕ್ತವಾದ ಸಂಗತಿ.

ದಾಳ, ನಕ್ಷೆ, ಕೋಷ್ಟಕಗಳಿಂದಾಗಿಯೇ ಕಿರಿಯ ರೈಸ್‌ವಿಟ್ಸನ ಆಟ ಹೊಸದಾಯಿತೆಂದು ಬರೆಯುವ ವಾಡಿಕೆಯಿದೆ. ಅದು ಅರ್ಧ ಸತ್ಯ. ಅವನು ಮಾಡಿದ ದೊಡ್ಡ ಕೆಲಸವೆಂದರೆ ಆಟಗಾರನ ಕಣ್ಣನ್ನು ಮರೆಮಾಡಿದ್ದು, ಅವನ ಕೈಯನ್ನು ಕಟ್ಟಿದ್ದು. ಈ ಆಟದಲ್ಲಿ ತುಂಡುಗಳನ್ನು ನಡೆಸುವವನು ಆಟಗಾರನಲ್ಲ, ತೀರ್ಪುಗಾರ. ಪುಸ್ತಕವು ಅವನನ್ನು ಎರಡೂ ಪಕ್ಷಗಳ ವಿಶ್ವಾಸಿಯೆಂಬ ಅರ್ಥದ ಹೆಸರಿನಿಂದ ಕರೆಯುತ್ತದೆ. ಶತ್ರುವಿನ ಕಣ್ಣಿಗೆ ಬೀಳುವ ದಳಗಳನ್ನಷ್ಟೇ ಅವನು ನಕ್ಷೆಯ ಮೇಲೆ ಇಡುತ್ತಾನೆ. ಬೆಟ್ಟದ ಹಿಂದಿನ, ಕಾಡಿನೊಳಗಿನ ದಳಗಳು ಅವನ ಲೆಕ್ಕದಲ್ಲಿ ಮಾತ್ರ ಇರುತ್ತವೆ. ಒಂದು ಪಕ್ಷದಲ್ಲಿ ಹಲವರು ದಳಪತಿಗಳಿದ್ದರೆ ಅವರು ಬಾಯಿಮಾತಿನಲ್ಲಿ ಸಮಾಲೋಚಿಸುವಂತಿಲ್ಲ. ಹೇಳಬೇಕಾದುದನ್ನು ಕಾಗದದ ಮೇಲೆ ಬರೆದು ತೀರ್ಪುಗಾರನ ಕೈಗೆ ಕೊಡಬೇಕು. ಅವನು ಬರೆದವನಿಗೂ ಪಡೆಯುವವನಿಗೂ ನಡುವಿನ ದೂರವನ್ನು ನಕ್ಷೆಯಲ್ಲಿ ಅಳೆದು, ಕುದುರೆ ಸವಾರನಿಗೆ ಅಷ್ಟು ದೂರ ಕ್ರಮಿಸಲು ಬೇಕಾಗುವ ಹೊತ್ತು ಕಳೆಯುವವರೆಗೆ ಆ ಕಾಗದವನ್ನು ತನ್ನಲ್ಲಿಯೇ ಇಟ್ಟುಕೊಂಡು, ಅನಂತರ ಮುಟ್ಟಿಸುತ್ತಾನೆ.

ಈ ನಿಯಮದ ಪರಿಣಾಮವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಇಬ್ಬರು ದಳಪತಿಗಳ ನಡುವೆ ಐದು ಕಿಲೋಮೀಟರು ದೂರವಿದೆ ಎಂದಿಟ್ಟುಕೊಳ್ಳೋಣ. ನಕ್ಷೆಯ ಮೇಲೆ ಅದು ಸುಮಾರು ಎರಡು ಅಡಿ. ಗಂಟೆಗೆ ಹದಿನೈದು ಕಿಲೋಮೀಟರಿನಂತೆ ಸಾಗುವ ಸವಾರನಿಗೆ ಇಪ್ಪತ್ತು ನಿಮಿಷ, ಅಂದರೆ ಹತ್ತು ಸರದಿ ಬೇಕು. ಉತ್ತರ ಬರಲು ಮತ್ತೆ ಹತ್ತು ಸರದಿ. ಮೇಜಿನ ಎರಡು ಅಡಿ ಆಚೆ ಕುಳಿತ ಗೆಳೆಯನಿಗೆ ‘ಹಳ್ಳಿ ನಮ್ಮ ಕೈಬಿಟ್ಟಿತು’ ಎಂಬ ಸುದ್ದಿ ಮುಟ್ಟುವ ಹೊತ್ತಿಗೆ ಹಳ್ಳಿಯನ್ನು ಹಿಡಿದ ಶತ್ರು ಅದರಾಚೆಯ ಸೇತುವೆಯನ್ನೂ ದಾಟಿರುತ್ತಾನೆ. ಬಂದ ಕಾಗದದಲ್ಲಿರುವುದು ಇಪ್ಪತ್ತು ನಿಮಿಷ ಹಿಂದಿನ ಲೋಕ. ಅದನ್ನು ಓದಿ ಬರೆಯುವ ಆಜ್ಞೆ ಜಾರಿಗೆ ಬರುವುದು ಇಪ್ಪತ್ತು ನಿಮಿಷ ಮುಂದಿನ ಲೋಕದಲ್ಲಿ. ಹೀಗೆ ನಲವತ್ತು ನಿಮಿಷಗಳ ಕಂದಕದ ಆಚೆಗೆ ನಿಂತು ಯೋಚಿಸುವುದನ್ನು ಆ ಆಟ ಕಲಿಸಿತು. ಪ್ರಷ್ಯದ ಸೇನಾ ಮುಖ್ಯಸ್ಥ ಮ್ಯೂಫ್ಲಿಂಗ್ ಮೊದಲಿಗೆ ಉದಾಸೀನನಾಗಿದ್ದು, ಆಟ ಮುಂದುವರಿದಂತೆ ಉತ್ಸಾಹಗೊಂಡು, ಇದನ್ನು ಯುದ್ಧದ ಶಿಕ್ಷಣವೆಂದೇ ಮೆಚ್ಚಿ ಸೇನೆಗೆಲ್ಲ ಶಿಫಾರಸು ಮಾಡಿದ್ದು ದಾಖಲಾಗಿದೆ. ರೆಜಿಮೆಂಟುಗಳಿಗೆ ಆಟದ ಸಾಮಗ್ರಿ ತಲುಪಿತು. ರೂಪಿಸಿದವನ ಬದುಕು ಮಾತ್ರ ಸುಖಾಂತವಾಗಲಿಲ್ಲ. ರಾಜಧಾನಿಯಿಂದ ದೂರದ ಟೋರ್ಗೌ ಕೋಟೆಗೆ ವರ್ಗವಾದ ಕಿರಿಯ ರೈಸ್‌ವಿಟ್ಸ್ ೧೮೨೭ರಲ್ಲಿ ಆತ್ಮಹತ್ಯೆ ಮಾಡಿಕೊಂಡನು.

ತೀರ್ಪುಗಾರನ ಪಾತ್ರವನ್ನು ಇನ್ನಷ್ಟು ಗಮನಿಸಬೇಕು. ಬಯಲಾಟ, ಯಕ್ಷಗಾನಗಳ ಭಾಗವತ ರಂಗದ ಮೇಲೆಯೇ ಇದ್ದೂ ಪಾತ್ರಗಳಲ್ಲಿ ಒಬ್ಬನಲ್ಲ. ಕಥೆಯೆಲ್ಲ ಅವನಿಗೆ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ಯುದ್ಧದಾಟದ ತೀರ್ಪುಗಾರನ ನಿಲುವೂ ಇಂತಹುದೇ. ವ್ಯತ್ಯಾಸವೆಂದರೆ ಭಾಗವತನಿಗೆ ಪ್ರಸಂಗದ ಕೊನೆ ತಿಳಿದಿರುತ್ತದೆ, ತೀರ್ಪುಗಾರನಿಗೆ ಅದೂ ತಿಳಿಯದು. ಅವನು ಏಕಕಾಲಕ್ಕೆ ದೈವ, ಭೂಮಿ, ಹವೆ, ಮತ್ತು ಓಲೆಕಾರ. ಸವಾರ ಸಾಗುವ ದಾರಿಯಲ್ಲಿ ಶತ್ರುವಿನ ಕಾವಲಿದ್ದರೆ ಓಲೆ ಶತ್ರುವಿನ ಕೈಸೇರಿತೆಂದು ಅವನು ನಿರ್ಣಯಿಸಬಲ್ಲನು. ಬರೆದವನಿಗೆ ಅದು ತಿಳಿಯುವುದಿಲ್ಲ. ಉತ್ತರ ಬಾರದಿರುವುದರಿಂದ ಅವನು ಊಹಿಸಿಕೊಳ್ಳಬೇಕು ಅಷ್ಟೆ. ಮೌನವೂ ಒಂದು ಸಂದೇಶವಾಗುವ ಆಟ ಇದು.

ಎರಡು ಓಲೆಗಳು

ಆಟದೊಳಗಿನ ಓಲೆಯ ಬೆಲೆಯನ್ನು ಅರಿಯಬೇಕಾದರೆ ಆಟದ ಹೊರಗಿನ ಓಲೆಗಳನ್ನು ನೋಡಬೇಕಾಗುತ್ತದೆ. ೧೮೧೫ರ ಜೂನ್ ೧೮ರಂದು ವಾಟರ್ಲೂ ರಣರಂಗದಲ್ಲಿ ವೆಲಿಂಗ್ಟನ್ ತನ್ನ ಅಪ್ಪಣೆಗಳನ್ನು ಹದಮಾಡಿದ ಕತ್ತೆಯ ಚರ್ಮದ ಚೂರುಗಳ ಮೇಲೆ ಪೆನ್ಸಿಲ್ಲಿನಿಂದ ಬರೆದು ಕಳುಹಿಸುತ್ತಿದ್ದನು. ಬರೆದದ್ದನ್ನು ಒರೆಸಿ ಮತ್ತೆ ಬಳಸಬಹುದಾದ ಚೂರುಗಳವು. ಈತನೇ ಆರ್ಥರ್ ವೆಲ್ಲೆಸ್ಲಿ ಎಂಬ ಹೆಸರಿನಿಂದ ೧೭೯೯ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಪಾಲ್ಗೊಂಡು, ಪಟ್ಟಣ ಬಿದ್ದ ಬಳಿಕ ಅಲ್ಲಿಯ ಅಧಿಕಾರ ವಹಿಸಿಕೊಂಡವನು. ಮುತ್ತಿಗೆಯ ಮೊದಲ ದಿನಗಳಲ್ಲಿ ಸುಲ್ತಾನ್‌ಪೇಟೆಯ ಮರಗಳ ತೋಪಿನೊಳಕ್ಕೆ ಕತ್ತಲಲ್ಲಿ ನುಗ್ಗಿ, ದಾರಿ ತಪ್ಪಿ, ತನ್ನವರು ಎಲ್ಲಿದ್ದಾರೆಂಬುದೇ ತಿಳಿಯದೆ ಹಿಂದಿರುಗಿದ ಅನುಭವ ಅವನಿಗಿತ್ತು. ಹಗಲಿನಲ್ಲಿ ನೋಡಿರದ ನೆಲದ ಮೇಲೆ ಇರುಳಿನಲ್ಲಿ ದಾಳಿ ಮಾಡಬಾರದೆಂಬ ನಿಶ್ಚಯಕ್ಕೆ ಅವನು ಬಂದದ್ದು ಆಗ.

ವಾಟರ್ಲೂವಿನಲ್ಲಿ ಊಗೂಮೋಂ ಎಂಬ ತೋಟದ ಮನೆಗೆ ಬೆಂಕಿ ಹತ್ತಿದಾಗ ಅವನು ಬರೆದ ಓಲೆ ಇಂದಿಗೂ ಉಳಿದಿದೆ. ಹುಲ್ಲಿನ ಬಣವೆಯ ಬೆಂಕಿ ಮನೆಯ ಮಾಡಿಗೆ ಹರಡಿದ್ದು ತನಗೆ ಕಾಣುತ್ತಿದೆ ಎಂಬುದು ಅದರ ಮೊದಲ ಮಾತು. ಬೆಂಕಿ ತಾಗದ ಭಾಗಗಳಲ್ಲಿ ಜನರನ್ನು ಇಟ್ಟುಕೊಳ್ಳಬೇಕು, ಕುಸಿಯುವ ಮಾಡಿನಡಿ ಯಾರೂ ಸಾಯದಂತೆ ನೋಡಿಕೊಳ್ಳಬೇಕು, ಮಾಡು ಬಿದ್ದ ಮೇಲೆ ಒಳಗಿನ ಪಾಳುಗೋಡೆಗಳನ್ನು ಹಿಡಿದು ನಿಲ್ಲಬೇಕು ಎಂಬುದು ಉಳಿದ ಭಾಗದ ತಾತ್ಪರ್ಯ. ಬರೆಯುವವನು ತಾನು ಏನನ್ನು ನೋಡುತ್ತಿದ್ದೇನೆ ಎಂಬುದನ್ನು ಮೊದಲು ಹೇಳಿದ್ದಾನೆ. ಓಲೆ ತಲುಪುವ ಹೊತ್ತಿಗೆ ಬೆಂಕಿ ಎಲ್ಲಿಗೆ ಬಂದಿರಬಹುದು ಎಂಬುದನ್ನೂ ಎಣಿಸಿದ್ದಾನೆ. ಗುಂಡಿನ ಮಳೆಯ ನಡುವೆ ಕುದುರೆಯ ಮೇಲೆ ಕುಳಿತು ಬರೆದ ಬರಹವಿದು ಎಂಬುದನ್ನು ನೆನೆದರೆ ಅದರ ಅಚ್ಚುಕಟ್ಟುತನ ಬೆರಗು ಹುಟ್ಟಿಸುತ್ತದೆ.

ಆ ದಿನ ವೆಲಿಂಗ್ಟನ್‌ನ ಬಳಿ ಅವನ ಸೇನಾ ಕಾರ್ಯದರ್ಶಿಯಾಗಿ ಇದ್ದವನು ಫಿಟ್ಸ್‌ರಾಯ್ ಸಾಮರ್‌ಸೆಟ್. ಅದೇ ಯುದ್ಧದಲ್ಲಿ ಅವನು ಬಲಗೈಯನ್ನು ಕಳೆದುಕೊಂಡನು. ಮೂವತ್ತೊಂಬತ್ತು ವರ್ಷಗಳ ಅನಂತರ, ೧೮೫೪ರ ಅಕ್ಟೋಬರ್ ೨೫ರಂದು, ಲಾರ್ಡ್ ರಾಗ್ಲನ್ ಎಂಬ ಹೆಸರಿನಿಂದ ಕ್ರಿಮಿಯಾದ ಬಾಲಕ್ಲಾವಾದಲ್ಲಿ ಬ್ರಿಟಿಷ್ ಸೇನೆಯ ದಂಡನಾಯಕನಾಗಿ ನಿಂತಿದ್ದವನು ಅವನೇ. ನಿಂತಿದ್ದುದು ಕಣಿವೆಗಿಂತ ನೂರಾರು ಅಡಿ ಎತ್ತರದ ಸಪೂನ್ ದಿಣ್ಣೆಯ ಮೇಲೆ. ರಷ್ಯನ್ನರು ತುರ್ಕರ ಕೈಯಿಂದ ವಶಪಡಿಸಿಕೊಂಡ ಬ್ರಿಟಿಷ್ ಫಿರಂಗಿಗಳನ್ನು ಪಕ್ಕದ ದಿಬ್ಬದಿಂದ ಎಳೆದೊಯ್ಯಲು ಸಿದ್ಧರಾಗುತ್ತಿರುವಂತೆ ಅಲ್ಲಿಂದ ಕಂಡಿತು. ಅಶ್ವದಳ ಬೇಗನೆ ಮುಂದಕ್ಕೆ ಸಾಗಿ ಶತ್ರು ಫಿರಂಗಿಗಳನ್ನು ಒಯ್ಯದಂತೆ ತಡೆಯಲು ಯತ್ನಿಸಬೇಕು ಎಂಬ ಅರ್ಥದ ಓಲೆಯನ್ನು ಏರಿ ಎಂಬ ಅಧಿಕಾರಿ ಪೆನ್ಸಿಲ್ಲಿನಲ್ಲಿ ಬರೆದನು. ಕ್ಯಾಪ್ಟನ್ ನೋಲನ್ ಅದನ್ನು ಹಿಡಿದು ಕಡಿದಾದ ಇಳಿಜಾರಿನಲ್ಲಿ ನೇರವಾಗಿ ಕೆಳಗಿಳಿದನು.

ಕಣಿವೆಯಲ್ಲಿದ್ದ ಅಶ್ವದಳದ ನಾಯಕ ಲ್ಯೂಕನ್‌ಗೆ ಆ ಫಿರಂಗಿಗಳು ಕಾಣುತ್ತಿರಲಿಲ್ಲ. ನಡುವೆ ನೆಲದ ಉಬ್ಬು ಅಡ್ಡವಾಗಿತ್ತು. ಅವನ ಕಣ್ಣಿಗೆ ಕಾಣುತ್ತಿದ್ದ ಫಿರಂಗಿಗಳೆಂದರೆ ಉದ್ದನೆಯ ಕಣಿವೆಯ ತುದಿಯಲ್ಲಿ ಸಾಲಾಗಿ ನಿಂತಿದ್ದ ರಷ್ಯದ ಫಿರಂಗಿಗಳು. ಯಾವ ಫಿರಂಗಿಗಳು ಎಂದು ಅವನು ಕೇಳಿದಾಗ ನೋಲನ್ ಕಣಿವೆಯ ಕಡೆಗೆ ಕೈ ಬೀಸಿದನು. ಸುಮಾರು ೬೭೦ ಮಂದಿ ಸವಾರರು ಆ ಕೈ ತೋರಿದ ದಿಕ್ಕಿಗೆ ನುಗ್ಗಿದರು. ನೂರಕ್ಕೂ ಹೆಚ್ಚು ಮಂದಿ ಸತ್ತರು. ಮೊದಲು ಬಿದ್ದವರಲ್ಲಿ ಓಲೆ ತಂದ ನೋಲನ್ ಒಬ್ಬ. ಹೀಗಾಗಿ ಆ ಕೈಬೀಸಿನ ಅರ್ಥವೇನಿತ್ತು ಎಂಬುದನ್ನು ಹೇಳಬಲ್ಲವನೇ ಇಲ್ಲವಾದನು. ರಾಗ್ಲನ್ ತಪ್ಪನ್ನು ಲ್ಯೂಕನ್‌ನ ಮೇಲೆ ಹೊರಿಸಿದನು. ಲ್ಯೂಕನ್ ಆ ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡಿದ್ದನು. ಅದು ಇಂದು ವಸ್ತುಸಂಗ್ರಹಾಲಯದ ಸ್ವತ್ತು.

ಈ ಓಲೆಯಲ್ಲಿ ಭಾಷೆಯ ದೃಷ್ಟಿಯಿಂದ ಎರಡು ದೋಷಗಳಿವೆ. ‘ಮುಂದೆ’ ಎಂಬ ಮಾತಿಗೆ ಓದುವವನು ಯಾವ ದಿಕ್ಕಿಗೆ ಮುಖಮಾಡಿ ನಿಂತಿದ್ದಾನೆ ಎಂಬುದರ ಹೊರತು ಅರ್ಥವಿಲ್ಲ. ‘ಆ ಫಿರಂಗಿಗಳು’ ಎಂಬ ಭಾವದಲ್ಲಿ ಬರೆದದ್ದಕ್ಕೆ ‘ಆ’ ಎನ್ನುವಾಗ ಬೆರಳು ತೋರುವ ಕೈಯೂ ಜೊತೆಗಿರಬೇಕು, ಕಾಗದಕ್ಕೆ ಬೆರಳಿಲ್ಲ. ಅದಕ್ಕಿಂತ ಮೊದಲು ಬಂದಿದ್ದ ಇನ್ನೊಂದು ಆಜ್ಞೆಯಲ್ಲಿ ದಿಬ್ಬಗಳನ್ನು ಮರಳಿ ಪಡೆಯುವ ಮಾತಿತ್ತು, ಎರಡನ್ನೂ ಕೂಡಿಸಿ ಓದಬೇಕಾಗಿತ್ತು ಎಂದು ರಾಗ್ಲನ್‌ನ ಪಕ್ಷಪಾತಿಗಳು ವಾದಿಸುತ್ತಾರೆ. ಓದುವವನಿಗೆ ಹಾಗೆ ತೋರಲಿಲ್ಲ ಎಂಬುದಷ್ಟೇ ಇತಿಹಾಸ. ಇಲ್ಲಿ ಹೆಚ್ಚು ಮುಖ್ಯವಾದ ಸಂಗತಿ ರಾಗ್ಲನ್ ನಿಂತ ಜಾಗ. ದಿಣ್ಣೆಯ ಮೇಲಿನಿಂದ ಅವನಿಗೆ ರಣರಂಗ ಚದುರಂಗದ ಹಲಗೆಯಂತೆ ಕಾಣುತ್ತಿತ್ತು. ತನಗೆ ಕಂಡದ್ದು ಕೆಳಗಿನವನಿಗೂ ಕಾಣುತ್ತಿದೆ ಎಂದು ಅವನು ಬಗೆದನು. ರೈಸ್‌ವಿಟ್ಸನ ಆಟ ಯಾವ ಭ್ರಮೆಯನ್ನು ಬಿಡಿಸಲು ಹುಟ್ಟಿತ್ತೋ ಅದೇ ಭ್ರಮೆ ಇದು. ಬ್ರಿಟಿಷ್ ಸೇನೆ ಆ ಆಟವನ್ನು ಅಧಿಕೃತವಾಗಿ ಸ್ವೀಕರಿಸಿದ್ದು ೧೮೭೨ರಲ್ಲಿ, ಬಾಲಕ್ಲಾವಾದ ಹದಿನೆಂಟು ವರ್ಷಗಳ ಬಳಿಕ. ಫ್ರಾನ್ಸಿನ ಮೇಲೆ ಪ್ರಷ್ಯ ಗಳಿಸಿದ ಗೆಲುವು ಅದಕ್ಕೆ ಪ್ರೇರಣೆ.

ಅಟ್ಟದಿಂದ ಕ್ಲಬ್ಬಿಗೆ

ಸೇನೆಯ ಶಿಕ್ಷಣದಿಂದ ಜನಸಾಮಾನ್ಯರ ಹವ್ಯಾಸಕ್ಕೆ ಈ ಆಟ ಇಳಿದುಬಂದ ಬಗೆ ಜಾನಪದದ ದೃಷ್ಟಿಯಿಂದ ಕುತೂಹಲಕರವಾಗಿದೆ. ೧೮೮೧-೮೨ರ ಚಳಿಗಾಲದಲ್ಲಿ ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ ಆರೋಗ್ಯಕ್ಕಾಗಿ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿದ್ದಾಗ ಮಲಮಗ ಲಾಯ್ಡ್ ಆಸ್ಬೋರ್ನ್‌ನೊಡನೆ ಅಟ್ಟದ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಕ್ಷೆ ಬರೆದು ಸೀಸದ ಬೊಂಬೆ ಸೈನಿಕರ ಯುದ್ಧ ನಡೆಸುತ್ತಿದ್ದನು. ಆ ಯುದ್ಧಗಳಿಗೆ ಸ್ಟೀವನ್‌ಸನ್ ಕಲ್ಪಿತ ಪತ್ರಿಕೆಗಳ ವರದಿಗಳನ್ನೂ ಬರೆದನು. ಆಸ್ಬೋರ್ನ್ ೧೮೯೮ರಲ್ಲಿ ಇವನ್ನು ಪ್ರಕಟಿಸಿದನು. ಬೊಂಬೆಗಳು ಕದಲುವುದರಿಂದ ಮಾತ್ರ ಆಟ ಯುದ್ಧವಾಗುವುದಿಲ್ಲ, ಸುದ್ದಿ ಹುಟ್ಟಬೇಕು ಎಂಬುದು ಕಥೆಗಾರನಿಗೆ ತಾನಾಗಿಯೇ ಹೊಳೆದಂತಿದೆ. ೧೮೯೯ರಲ್ಲಿ ಹೆನ್ರಿ ಮೈಕೆಲ್ ಟೆಂಪಲ್ ಎಂಬ ಇಂಗ್ಲಿಷರವನು ಚದುರಂಗಕ್ಕೇ ತೀರ್ಪುಗಾರನನ್ನು ತಂದು, ಎದುರಾಳಿಯ ಕಾಯಿಗಳು ಕಾಣದಂತೆ ಆಡುವ ಕ್ರಮವನ್ನು ರೂಪಿಸಿದನು. ಯುದ್ಧದಾಟದ ಹೆಸರನ್ನೇ ಅದಕ್ಕಿಟ್ಟದ್ದರಿಂದ, ಚದುರಂಗದಿಂದ ಹೊರಟ ಆಟ ಒಂದು ಸುತ್ತು ಹಾಕಿ ತವರಿಗೆ ಬಂದಂತಾಯಿತು.

ಎಚ್. ಜಿ. ವೆಲ್ಸ್ ೧೯೧೩ರಲ್ಲಿ ಪ್ರಕಟಿಸಿದ ‘ಲಿಟಲ್ ವಾರ್ಸ್’ ಬೊಂಬೆ ಸೈನಿಕರ ಆಟಕ್ಕೆ ದೊಡ್ಡವರ ಮಾನ್ಯತೆ ತಂದ ಪುಸ್ತಕ. ದಳಗಳನ್ನು ಹೂಡುವಾಗ ನಡುವೆ ತೆರೆ ಕಟ್ಟುವ ಕ್ರಮ ಅದರಲ್ಲಿದೆ. ತೆರೆ ಸರಿದ ಮೇಲೆ ಗುಟ್ಟು ಉಳಿಯುವುದಿಲ್ಲ. ಆಟಿಕೆಯ ಫಿರಂಗಿ ಹಾರಿಸುವುದರಲ್ಲಿ ವೆಲ್ಸ್‌ಗೆ ಇದ್ದ ಖುಷಿ ಓಲೆ ಬರೆಯುವುದರಲ್ಲಿ ಇರಲಿಲ್ಲ. ಸೌತಾಂಪ್ಟನ್ನಿನ ಡೊನಾಲ್ಡ್ ಫೆದರ್‌ಸ್ಟೋನ್ ೧೯೬೨ರಲ್ಲಿ ‘ವಾರ್ ಗೇಮ್ಸ್’ ಪುಸ್ತಕವನ್ನು ಬರೆದ ಮೇಲೆ ಈ ಹವ್ಯಾಸ ಬ್ರಿಟನ್ನಿನಲ್ಲಿ ವ್ಯಾಪಕವಾಗಿ ಹಬ್ಬಿತು. ಆಮೇಲೆ ಬಂದ ಹಲವು ನಿಯಮಾವಳಿಗಳಲ್ಲಿ ಸರದಿಗೆ ಮೊದಲೇ ಆಜ್ಞೆಯನ್ನು ಕಾಗದದ ಮೇಲೆ ಬರೆದಿಡಬೇಕೆಂಬ ಕಟ್ಟಳೆ ಬಂದಿತು. ಕೆಲವು ಆಟಗಳಲ್ಲಿ ಓಲೆ ಹೊತ್ತ ಸವಾರನ ಬೊಂಬೆಯನ್ನೇ ಮೇಜಿನ ಮೇಲೆ ಸರದಿಯಿಂದ ಸರದಿಗೆ ಅಳತೆಯಂತೆ ನಡೆಸುತ್ತಾರೆ. ಶತ್ರುವಿನ ಸವಾರರು ಅವನನ್ನು ಅಟ್ಟಿ ಹಿಡಿದರೆ ಆ ಆಜ್ಞೆ ಅಲ್ಲಿಗೆ ಮುಗಿಯಿತು. ಸಾವಿರಾರು ಬೊಂಬೆಗಳ ನಡುವೆ ಆ ಒಬ್ಬ ಸವಾರನ ಮೇಲೆ ಎಲ್ಲರ ಕಣ್ಣು. ಇಂತಹ ಸನ್ನಿವೇಶಗಳು ಕ್ಲಬ್ಬುಗಳ ಮೌಖಿಕ ಪರಂಪರೆಯಲ್ಲಿ ಸೇರಿಕೊಂಡು, ಗೆದ್ದ ಯುದ್ಧಗಳಿಗಿಂತ ತಲುಪದ ಓಲೆಗಳ ಕಥೆಗಳೇ ಹೆಚ್ಚು ಕಾಲ ಬಾಳುತ್ತವೆ.

ಬಿಲ್ ಲೀಸನ್ ೧೯೮೩ರಲ್ಲಿ ರೈಸ್‌ವಿಟ್ಸನ ೧೮೨೪ರ ನಿಯಮಗಳನ್ನು ಇಂಗ್ಲಿಷಿಗೆ ಅನುವಾದಿಸಿದ್ದರಿಂದ ಹಳೆಯ ಆಟಕ್ಕೆ ಮರುಜೀವ ಬಂದಿತು. ಎರಡು ಪಕ್ಷಗಳನ್ನು ಬೇರೆಬೇರೆ ಕೋಣೆಗಳಲ್ಲಿ ಕೂರಿಸಿ, ತೀರ್ಪುಗಾರರು ನಡುವಿನ ಕೋಣೆಯ ಮುಖ್ಯ ನಕ್ಷೆಯಲ್ಲಿ ಎಲ್ಲವನ್ನೂ ನಡೆಸುವ ಪದ್ಧತಿ ರೂಢಿಯಲ್ಲಿದೆ. ಇಲ್ಲಿ ಬರೆಯುವ ಓಲೆಗಳಿಗೆ ತಮ್ಮದೇ ಆದ ಒಂದು ಶೈಲಿ ಬೆಳೆದಿದೆ. ಪಳಗಿದವರು ಪ್ರತಿಯೊಂದು ಓಲೆಗೂ ಹೊತ್ತು, ಸ್ಥಳ, ಕ್ರಮಸಂಖ್ಯೆಗಳನ್ನು ಹಾಕುತ್ತಾರೆ. ಮೂರನೆಯ ಓಲೆ ಬಂದು ಎರಡನೆಯದು ಬಾರದಿದ್ದರೆ ಏನೋ ಕೆಟ್ಟಿದೆ ಎಂದು ಓದುವವನಿಗೆ ತಿಳಿಯಬೇಕು. ತಾನು ಕಂಡದ್ದು, ಕೇಳಿದ್ದು, ಊಹಿಸಿದ್ದು ಈ ಮೂರನ್ನೂ ಬೆರೆಸದೆ ಬರೆಯುತ್ತಾರೆ. ಎಡಕ್ಕೆ, ಬಲಕ್ಕೆ ಎಂಬ ಮಾತುಗಳನ್ನು ಬಿಟ್ಟು ಪೂರ್ವ, ಪಶ್ಚಿಮ ಎಂದೋ ಊರಿನ ಹೆಸರು ಹಿಡಿದೋ ಹೇಳುತ್ತಾರೆ. ನಮ್ಮ ಹಳ್ಳಿಗಳಲ್ಲಿ ಹೊಲದ ಚೆಕ್ಕುಬಂದಿ ಹೇಳುವಾಗ ಮೂಡಲಿಗೆ ಹಳ್ಳ, ಪಡುವಲಿಗೆ ಬಂಡಿದಾರಿ ಎನ್ನುವ ಹಿರಿಯರಿಗೂ ದಾನಶಾಸನಗಳ ಎಲ್ಲೆ ಬರೆದವರಿಗೂ ಇದೇ ವಿವೇಕವಿತ್ತು. ಓದುವವನು ಎಲ್ಲಿಯೇ ನಿಂತಿರಲಿ, ಮೂಡಲು ಮೂಡಲೇ.

ಆಟದ ಹೊಸಬರು ಓಲೆಯಲ್ಲಿ ಅಪ್ಪಣೆಯನ್ನಷ್ಟೇ ಬರೆಯುತ್ತಾರೆ. ಏತಕ್ಕಾಗಿ ಎಂಬುದನ್ನು ಬರೆಯುವುದಿಲ್ಲ. ‘ಸೇತುವೆಯನ್ನು ಹಿಡಿ’ ಎಂದು ಬರೆದರೆ, ಓಲೆ ತಲುಪುವ ಹೊತ್ತಿಗೆ ಸೇತುವೆಯೇ ಇಲ್ಲವಾಗಿದ್ದರೆ ಪಡೆದವನು ಏನು ಮಾಡಬೇಕು? ‘ಶತ್ರು ಸಂಜೆಯವರೆಗೆ ಹೊಳೆ ದಾಟದಂತೆ ಸೇತುವೆಯನ್ನು ಹಿಡಿ’ ಎಂದಿದ್ದರೆ ಅವನು ಕಡವಿನ ಕಡೆಗೆ ಹೋಗುತ್ತಾನೆ. ಉದ್ದೇಶ ಹೇಳಿದ ಓಲೆ ಹಳಸಿದರೂ ಕೆಲಸಕ್ಕೆ ಬರುತ್ತದೆ, ಉದ್ದೇಶ ಹೇಳದ ಓಲೆ ಹೊತ್ತು ಮೀರಿದರೆ ವಿಷವಾಗುತ್ತದೆ. ೧೮೧೫ರ ಜೂನ್ ೧೬ರಂದು ನೆಪೋಲಿಯನ್ನನ ಸೇನಾನಿ ದೆರ್ಲಾನ್ ಒಂದು ಕಡೆಯ ಆಜ್ಞೆಯಂತೆ ಲೀನ್ಯಿಯತ್ತ, ಇನ್ನೊಂದು ಕಡೆಯ ಆಜ್ಞೆಯಂತೆ ಕಾತ್ರ್ ಬ್ರಾದತ್ತ ನಡೆದು, ಸುಮಾರು ೨೦,೦೦೦ ಸೈನಿಕರೊಡನೆ ಎರಡು ಯುದ್ಧಗಳ ನಡುವೆ ಓಡಾಡಿ ಎರಡರಲ್ಲಿಯೂ ಕಾದಾಡಲಿಲ್ಲ. ಆಟದ ಮೇಜಿನ ಮೇಲೆ ಇಂತಹ ದೆರ್ಲಾನರು ಮತ್ತೆ ಮತ್ತೆ ಹುಟ್ಟುತ್ತಾರೆ. ಆಟ ಮುಗಿದ ಮೇಲೆ ತೀರ್ಪುಗಾರ ಎರಡೂ ಪಕ್ಷಗಳ ಓಲೆಗಳನ್ನು ಹೊತ್ತಿನ ಕ್ರಮದಲ್ಲಿ ಹರಡಿ ಓದುವ ರೂಢಿಯಿದೆ. ಪ್ರಷ್ಯದ ಆಟದಲ್ಲಿಯೂ ಕೊನೆಗೆ ವಿಮರ್ಶೆ ಇರುತ್ತಿತ್ತು. ತಾನು ಬರೆದ ವಾಕ್ಯವನ್ನು ಗೆಳೆಯ ಏನೆಂದು ಓದಿಕೊಂಡ ಎಂಬುದು ಬರೆದವನಿಗೆ ಗೊತ್ತಾಗುವುದು ಆಗಲೇ.

ಕಾಗದವಿಲ್ಲದ ಆಜ್ಞೆ

ಜರ್ಮನಿಯಲ್ಲಿ ೧೮೭೦ರ ದಶಕದ ಹೊತ್ತಿಗೆ ರೈಸ್‌ವಿಟ್ಸನ ಕೋಷ್ಟಕಗಳು ಆಟವನ್ನು ನಿಧಾನಗೊಳಿಸುತ್ತವೆ ಎಂಬ ಆಕ್ಷೇಪ ಎದ್ದಿತು. ೧೮೭೩ರಲ್ಲಿ ಮೆಕೆಲ್ ಅದನ್ನು ಟೀಕಿಸಿದನು. ೧೮೭೬ರಲ್ಲಿ ವೆರ್ದಿ ದ್ಯು ವೆರ್ನ್ವಾ ದಾಳವನ್ನೂ ಕೋಷ್ಟಕವನ್ನೂ ಬದಿಗಿಟ್ಟು ಎಲ್ಲವನ್ನೂ ಅನುಭವಿ ತೀರ್ಪುಗಾರನ ವಿವೇಚನೆಗೆ ಬಿಟ್ಟನು. ಆದರೂ ಓಲೆ ಉಳಿಯಿತು. ದಾಳವಿಲ್ಲದೆಯೂ ಆಟ ನಡೆಯುತ್ತದೆ, ಓಲೆಯಿಲ್ಲದೆ ನಡೆಯದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರುವ ನಿದರ್ಶನ ಬೇರೆ ಬೇಕಿಲ್ಲ. ಈ ಆಟವನ್ನು ಯೌವನದಿಂದಲೂ ಮೆಚ್ಚಿದ್ದ ಹಿರಿಯ ಮೋಲ್ಟ್‌ಕೆ ೧೮೬೬ರ ಜುಲೈನಲ್ಲಿ ಕೋನಿಗ್‌ಗ್ರೇಟ್ಸ್ ಯುದ್ಧದ ಹಿಂದಿನ ಇರುಳು, ತಂತಿ ಸಂಪರ್ಕವಿಲ್ಲದ ಕಾರಣ, ಯುವರಾಜನ ಸೇನೆಗೆ ಸವಾರನ ಕೈಯಲ್ಲಿ ಬರೆಹದ ಆಜ್ಞೆಯನ್ನು ಕಳುಹಿಸಿದನು. ಬೆಳಗಿನ ಜಾವಕ್ಕೆ ಅದು ತಲುಪಿತು. ಮಧ್ಯಾಹ್ನದ ಹೊತ್ತಿಗೆ ಆ ಸೇನೆ ರಣರಂಗಕ್ಕೆ ಬಂದುದರಿಂದಲೇ ಯುದ್ಧ ಪ್ರಷ್ಯದ ಕಡೆಗೆ ತಿರುಗಿತು.

ಅವನ ತಮ್ಮನ ಮಗ ಕಿರಿಯ ಮೋಲ್ಟ್‌ಕೆ ೧೯೧೪ರಲ್ಲಿ ಜರ್ಮನ್ ಸೇನೆಯ ಮುಖ್ಯಸ್ಥನಾಗಿದ್ದನು. ಸೆಪ್ಟೆಂಬರ್ ಮೊದಲ ವಾರದಲ್ಲಿ ಅವನ ಸೇನೆಗಳು ಫ್ರಾನ್ಸಿನ ಮಾರ್ನ್ ನದಿಯ ಬಳಿಗೆ ಬಂದಿದ್ದವು. ಮುಖ್ಯ ಕಚೇರಿ ದೂರದ ಲಕ್ಸೆಂಬರ್ಗಿನಲ್ಲಿತ್ತು. ನಿಸ್ತಂತು ಸಂದೇಶಗಳು ಗಂಟೆಗಟ್ಟಲೆ ತಡವಾಗುತ್ತಿದ್ದವು. ಮೊದಲನೆಯ ಮತ್ತು ಎರಡನೆಯ ಸೇನೆಗಳ ನಡುವೆ ಅಗಲವಾದ ಬಿರುಕು ಬಿದ್ದಿತ್ತು. ಸೆಪ್ಟೆಂಬರ್ ೮ರಂದು ಮೋಲ್ಟ್‌ಕೆ ತನ್ನ ಬೇಹು ವಿಭಾಗದ ಮುಖ್ಯಸ್ಥ ಲೆಫ್ಟಿನ್ಂಟ್ ಕರ್ನಲ್ ರಿಚರ್ಡ್ ಹೆಂಚ್ ಎಂಬುವನನ್ನು ಕರೆದು, ಸೇನೆಗಳ ಸ್ಥಿತಿ ನೋಡಿಬರಲು ಹೇಳಿ, ಅಗತ್ಯವಾದರೆ ಏನು ಮಾಡಬೇಕೆಂದೂ ಬಾಯಿಮಾತಿನಲ್ಲಿ ತಿಳಿಸಿದನು. ತೊಂಬತ್ತು ವರ್ಷ ಬರೆಹದ ಓಲೆಗಳ ಆಟವನ್ನು ಆಡಿ ಪಳಗಿದ ಸೇನೆಯ ಮುಖ್ಯಸ್ಥ, ಆ ಯುದ್ಧದ ಅತ್ಯಂತ ನಿರ್ಣಾಯಕ ಗಳಿಗೆಯಲ್ಲಿ ಒಂದು ಸಾಲನ್ನೂ ಬರೆದುಕೊಡಲಿಲ್ಲ.

ಹೆಂಚ್ ಮೋಟಾರಿನಲ್ಲಿ ಹೊರಟು ದಾರಿಯ ಸೇನೆಗಳನ್ನು ನೋಡಿಕೊಂಡು, ಸಂಜೆ ಮಾಂಮೋರ್‌ನಲ್ಲಿದ್ದ ಎರಡನೆಯ ಸೇನೆಯ ನಾಯಕ ಬ್ಯೂಲೋವನ್ನು ಕಂಡನು. ಬ್ಯೂಲೋ ಹಿಂದೆಗೆಯುವ ಮನಸ್ಸಿನಲ್ಲಿದ್ದನು. ಮರುದಿನ ಬೆಳಿಗ್ಗೆ ಅಲ್ಲಿಂದ ಹೊರಟ ಹೆಂಚ್, ಗಾಯಾಳುಗಳ ಗಾಡಿಗಳಿಂದಲೂ ಸಾಮಾನು ಬಂಡಿಗಳಿಂದಲೂ ಕಿಕ್ಕಿರಿದ ರಸ್ತೆಗಳಲ್ಲಿ ಗಂಟೆಗಟ್ಟಲೆ ತೆವಳಿ, ಮಾರಯ್ ಎಂಬ ಊರಿನಲ್ಲಿದ್ದ ಮೊದಲನೆಯ ಸೇನೆಯ ಕಚೇರಿಯನ್ನು ಮುಟ್ಟಿದನು. ದಾರಿಯಲ್ಲಿ ಕಂಡ ಗಲಿಬಿಲಿ ಅವನ ಮನಸ್ಸಿನ ಮೇಲೆ ಪರಿಣಾಮ ಬೀರದೆ ಇರಲಾರದು. ಓಲೆ ಹೊತ್ತ ಸವಾರ ದಾರಿಯಲ್ಲಿ ಏನನ್ನು ಕಂಡರೂ ಓಲೆ ಬದಲಾಗುವುದಿಲ್ಲ, ಮಾತನ್ನು ಹೊತ್ತವನ ವಿಷಯ ಹಾಗಲ್ಲ. ತಮ್ಮ ದಾಳಿ ಫಲಿಸುತ್ತಿದೆ ಎಂದು ಮೊದಲನೆಯ ಸೇನೆಯ ಮುಖ್ಯಾಧಿಕಾರಿ ಕೂಲ್ ವಾದಿಸಿದನು. ಹೆಂಚ್ ಸರ್ವೋಚ್ಚ ಕಚೇರಿಯ ಹೆಸರಿನಲ್ಲಿ ಹಿಂದೆಗೆಯುವ ಆಜ್ಞೆ ಕೊಟ್ಟನು. ಜರ್ಮನ್ ಸೇನೆ ಮಾರ್ನ್ ತೀರದಿಂದ ಹಿಂದೆ ಸರಿಯಿತು. ಮುಂದಿನ ನಾಲ್ಕು ವರ್ಷ ಕಂದಕಗಳ ಯುದ್ಧ ನಡೆಯಿತು.

ಹೆಂಚ್ ತನ್ನ ಅಧಿಕಾರವನ್ನು ಮೀರಿದನೆಂಬ ಆರೋಪ ಸೇನೆಯೊಳಗೆ ಬಲವಾಗಿ ಬೆಳೆಯಿತು. ಅವನು ತಾನೇ ವಿಚಾರಣೆಯನ್ನು ಬೇಡಿದನು. ೧೯೧೭ರಲ್ಲಿ ವಿಚಾರಣೆ ನಡೆದು, ಅವನು ತನಗೆ ಕೊಟ್ಟ ಅಧಿಕಾರದ ಮಿತಿಯಲ್ಲಿಯೇ ನಡೆದುಕೊಂಡನೆಂದು ಲೂಡೆನ್‌ಡಾರ್ಫ್ ನಿರ್ಣಯಿಸಿದನು. ಆದರೆ ಹರಡಿ ಓದಲು ಅಲ್ಲಿ ಓಲೆಯಿರಲಿಲ್ಲ. ಲಕ್ಸೆಂಬರ್ಗಿನ ಆ ಕೋಣೆಯಲ್ಲಿ ಆಡಿದ ಮಾತು ಯಾವುದೆಂಬುದನ್ನು ಕೇಳೋಣವೆಂದರೆ ಮೋಲ್ಟ್‌ಕೆ ೧೯೧೬ರ ಜೂನ್‌ನಲ್ಲಿಯೇ ತೀರಿಕೊಂಡಿದ್ದನು. ಹೆಂಚ್ ೧೯೧೮ರಲ್ಲಿ ಬುಖಾರೆಸ್ಟಿನಲ್ಲಿ ತೀರಿಕೊಂಡನು.